ಮುಖ ಒಳಗಿಟ್ಟ ಫ್ಯಾನು

ಮಡಿಕೇರಿಯ ಗಂಗಣ್ಣನ ಮನೆಗೆ ಹೆಣ್ಣು ನೋಡಲು ಬಂದವರು ಹೆಣ್ಣನ್ನು ನೋಡುವ ಮೊದಲೇ ಅಳುತ್ತಿದ್ದರು. ತಪ್ಪು ಹೆಣ್ಣಿನದಲ್ಲ, ಸೌದೆಯದು. ಜೂನಿನಲ್ಲಿ ನೆನೆದ ಸೌದೆ ಆ ಊರಿನಲ್ಲಿ ಒಣಗುವುದು ಡಿಸೆಂಬರಿಗೆ. ಅಲ್ಲಿಯವರೆಗೆ ಒಲೆ ಉರಿಯುವುದಿಲ್ಲ, ಗೊಣಗುತ್ತದೆ. ಗಂಗಣ್ಣನ ಬಾಡಿಗೆ ಮನೆಯಲ್ಲಿ ಅಡುಗೆಮನೆಗೂ ನಡುಮನೆಗೂ ನಡುವೆ ಬಾಗಿಲಿನ ಚೌಕಟ್ಟಿತ್ತು, ಕದ ಇರಲಿಲ್ಲ. ಹಳೇ ಸೀರೆಯ ಪರದೆಯೊಂದು ನೇತಾಡುತ್ತಿತ್ತು. ಹೊಗೆ ಆ ಪರದೆಯನ್ನು ಸರಿಸಿಕೊಂಡು, ಮನೆಯ ಹಿರಿಯರ ಹಾಗೆ ಬಂದು ನಡುಮನೆಯಲ್ಲಿ ಕೂರುತ್ತಿತ್ತು.

ಮೊದಲು ಬಂದ ಸಂಬಂಧ ಶನಿವಾರಸಂತೆಯದು. ವರನ ಸೋದರತ್ತೆ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಾ, “ಹುಡುಗಿ ಲಕ್ಷಣವಾಗವ್ಳೆ. ಆದ್ರೆ ಈ ಮನೆ ಸಂಬಂಧ ಮಾಡಿದ್ರೆ ನಮಗೆ ಕಣ್ಣೀರು ತಪ್ಪಲ್ಲ” ಎಂದು ಎದ್ದು ಹೋದಳು. ಎರಡನೆಯ ವರ ಎಷ್ಟು ಕೆಮ್ಮಿದನೆಂದರೆ ಅವನ ಅಪ್ಪನಿಗೇ ಅನುಮಾನ ಬಂದು, ಮಗನನ್ನು ಅಲ್ಲಿಂದ ನೇರವಾಗಿ ಆಸ್ಪತ್ರೆಗೆ ಕರೆದುಕೊಂಡು ಹೋದ. ಆಮೇಲೆ ಆ ಕಡೆಯಿಂದ ಸುದ್ದಿಯೇ ಬರಲಿಲ್ಲ.

ಈಗ ಮೂರನೆಯದು ಕೂಡಿಬಂದಿತ್ತು. ಹುಡುಗ ನಾಗರಾಜು, ಮಡಿಕೇರಿಯ ಸರ್ಕಾರಿ ಕಚೇರಿಯಲ್ಲಿ ಗುಮಾಸ್ತ. ಹಿಂದಿನ ಇಬ್ಬರ ಬಗ್ಗೆ ಗಂಗಣ್ಣನ ಮಗಳು ಚಿನ್ನಿ ಒಂದು ಮಾತೂ ಆಡಿರಲಿಲ್ಲ. ಈ ಸಲ ಮಾತ್ರ ತಾಯಿಯ ಹತ್ತಿರ, “ಅವರು ದಿನಾ ಕೊಡೆ ಹಿಡ್ಕೊಂಡು ನಮ್ಮ ಬೀದಿಲೇ ಕಚೇರಿಗೆ ಹೋಗ್ತಾರೆ” ಎಂದಿದ್ದಳು. ಕಚೇರಿಗೆ ಅದಕ್ಕಿಂತ ಹತ್ತಿರದ ದಾರಿ ಇನ್ನೊಂದಿತ್ತು ಎಂಬುದು ಊರಿಗೆಲ್ಲ ಗೊತ್ತು. ಗಂಗಣ್ಣನಿಗೂ ಗೊತ್ತಾಯಿತು. ಈ ಸಂಬಂಧ ತಪ್ಪಿದರೆ ಮಗಳ ಮುಖ ನೋಡುವುದು ಹೇಗೆ ಎಂದು ಅವನಿಗೆ ಆ ದಿನದಿಂದ ಅನ್ನ ಸೇರಲಿಲ್ಲ.

ಹುಡುಗ ಸರಿ, ತೊಡಕಿದ್ದದ್ದು ಹುಡುಗನ ಅಪ್ಪನಲ್ಲಿ. ಕೊಡ್ಲಿಪೇಟೆಯ ಪರಮೇಶಪ್ಪನವರು ಏಲಕ್ಕಿ, ಕಾಳುಮೆಣಸಿನ ವ್ಯಾಪಾರಿ. ಹಣೆಯ ಮೇಲೆ ಬೆರಳು ದಪ್ಪದ ಮೂರು ವಿಭೂತಿ ಪಟ್ಟೆ. ಸಾರಿನಲ್ಲಿ ಈರುಳ್ಳಿ ಕಂಡರೆ ಎಲೆ ಬಿಟ್ಟು ಏಳುವ ಮನುಷ್ಯ. ಅವರ ಮೂಗಂತೂ ಉತ್ತರ ಕೊಡಗಿಗೆಲ್ಲ ಪ್ರಸಿದ್ಧ. ಒಂದು ಹಿಡಿ ಏಲಕ್ಕಿ ಮೂಸಿ ಅದು ಯಾವ ತೋಟದ್ದು, ತೋಟದ ಯಾವ ಮಗ್ಗುಲಿನದು ಎಂದು ಹೇಳುತ್ತಿದ್ದರು. ಅಂಥ ಮೂಗಿಗೆ ಹೊಗೆ ತಾಗಿದರೆ ವ್ಯಾಪಾರ ಕೆಡುತ್ತದೆಂದು ಹೊಗೆ ಇರುವ ಮನೆಯಲ್ಲಿ ಅವರು ಒಂದು ಗಳಿಗೆಯೂ ಕೂರುತ್ತಿರಲಿಲ್ಲ.

“ಹೊಗೆ ಇಲ್ದಿದ್ರೆ ಸಂಬಂಧ, ಇದ್ರೆ ಇಲ್ಲ” ಎಂದು ಗಂಗಣ್ಣನ ತಾಯಿ ರುದ್ರಮ್ಮ ಒಂದೇ ಮಾತಿನಲ್ಲಿ ತೀರ್ಮಾನ ಹೇಳಿದಳು. ಎಪ್ಪತ್ತು ದಾಟಿದ ಮುದುಕಿ. ಕಿವಿ ಮಂದ, ನಾಲಿಗೆ ಚುರುಕು.

ಅದೇ ವಾರ ಸಿದ್ದಾಪುರದ ಕಡೆ ಒಬ್ಬ ಬಿಳಿ ದೊರೆ ಎಸ್ಟೇಟು ಮಾರಿ ತನ್ನ ದೇಶಕ್ಕೆ ಹೊರಟಿದ್ದ. ಬಂಗಲೆಯ ಸಾಮಾನೆಲ್ಲ ಹರಾಜಿಗಿತ್ತು. ಹಗ್ಗ, ಬೆಲ್ಲ, ಲಾಂದ್ರ ಮಾರುವ ಗಂಗಣ್ಣ ನಾಲ್ಕು ಹಳೇ ಲಾಂದ್ರ ತರಲು ಹೋದವನು ಬಂಗಲೆಯ ಅಡುಗೆಮನೆಯ ಗೋಡೆಯಲ್ಲಿ ಇದ್ದ ಹೊಗೆ ಎಳೆಯುವ ಫ್ಯಾನನ್ನು ಹೊತ್ತುಕೊಂಡು ಬಂದ. ಮುಂದೆ ಹಿತ್ತಾಳೆಯ ಸರಳು, ನಡುವೆ ಇಂಗ್ಲಿಷ್ ಅಕ್ಷರ ಕೊರೆದ ಹಿತ್ತಾಳೆಯ ಬಿಲ್ಲೆ. ಬಸ್ಸಿನಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡು ಮಗುವಿನಂತೆ ಕರೆತಂದ. ಮನೆಗೆ ಬಂದವನೇ ಹುಣಸೆಹಣ್ಣು ಹಾಕಿ ಉಜ್ಜಿದ, ಬಿಲ್ಲೆ ಕನ್ನಡಿಯಾಯಿತು. ಎರಡೇ ಮಂತ್ರಿಗಳು ಒಂದು ಇಡೀ ಕೊಡಗು ರಾಜ್ಯವನ್ನು ನಡೆಸುತ್ತಿದ್ದ ಕಾಲ ಅದು. ಒಂದು ಫ್ಯಾನು ನಡೆಸುವುದು ಯಾವ ಮಹಾ ಕೆಲಸವೆಂದು ಗಂಗಣ್ಣನಿಗೆ ಅನಿಸಿದ್ದರೆ ಆಶ್ಚರ್ಯವಿಲ್ಲ.

ಅಡುಗೆಮನೆಯ ಹೊರಗೋಡೆಯ ಆಚೆ ಮಾರಗಲದ ಓಣಿ. ಓಣಿಯ ಆಚೆ ನೆರೆಯ ನಾಣಯ್ಯನವರ ಅಡುಗೆಮನೆಯ ಕಿಟಕಿ. ಪಟಾಲಮಿನಿಂದ ಪೆನ್ಷನ್ ಪಡೆದು ಬಂದ ಕೊಡವರು, ದೊಡ್ಡ ಮೀಸೆ, ಅದಕ್ಕಿಂತ ದೊಡ್ಡ ಮನಸ್ಸು. ಗಂಗಣ್ಣ ಗೋಡೆ ಒಡೆಯುವ ಸದ್ದು ಕೇಳಿ ಓಣಿಗೆ ಬಂದರು.

“ಎಂತ ಗಂಗಣ್ಣ, ಗೋಡೆಗೆ ಕನ್ನ ಹಾಕ್ತಾ ಇದ್ದೀರಿ, ನಿಮ್ಮ ಮನೆಗೆ ನೀವೇ?”

“ಹೊಗೆ ಫ್ಯಾನು ಸ್ವಾಮಿ. ಒಳಗಿಂದು ಹೊರಕ್ಕೆ ಹೋಗುತ್ತೆ.”

“ಹೊರಕ್ಕೆ ಅಂದ್ರೆ ನಮ್ಮ ಕಿಟಕಿಗೆ?”

ಗಂಗಣ್ಣ ಎದೆಯ ಮೇಲೆ ಕೈಯಿಟ್ಟ. “ನಮ್ಮ ಮನೆ ಹೊಗೆ ಒಂದು ಎಳೆನಾದ್ರೂ ನಿಮ್ಮ ಮನೆಗೆ ಬಂದ್ರೆ ನಾನು ಗಂಗಣ್ಣನೇ ಅಲ್ಲ!”

ಈ ಮಾತನ್ನು ಅವನು ಕೊನೆಯವರೆಗೂ ಉಳಿಸಿಕೊಂಡನೆಂದು ಇಲ್ಲಿಯೇ ಹೇಳಿಬಿಡುವುದು ನ್ಯಾಯ.

ಮುನಿಸಿಪಾಲಿಟಿಯ ಓವರ್ಸಿಯರ್ ಒಬ್ಬರು ದಾರಿಯಲ್ಲಿ ಹೋಗುತ್ತಿದ್ದವರು ನಿಂತರು. ಹೊರಗೋಡೆಗೆ ತೂತು ಹಾಕಲು ಪರವಾನಗಿ ಬೇಕು ಎಂದರು. ತೂತಿನೊಳಗೆ ತಲೆ ಹಾಕಿ, ಆ ಕಡೆ ರೊಟ್ಟಿ ತಟ್ಟುತ್ತಿದ್ದ ಗಂಗಣ್ಣನ ಹೆಂಡತಿ ಗುರುಸಿದ್ದಮ್ಮನ ಮುಖವನ್ನು ಗೇಣು ದೂರದಲ್ಲಿ ಕಂಡು, ಬೆಚ್ಚಿ ತಲೆ ಎಳೆದುಕೊಂಡು, “ಕಿಟಕಿಯಾದ್ರೆ ಪರವಾನಗಿ ಬೇಕು. ಗಾಳಿ ಹೋಗಕ್ಕಾದ್ರೆ ಪರವಾಗಿಲ್ಲ. ಆದ್ರೆ ಗಾಳಿ ಹೊರಕ್ಕೇ ಹೋಗ್ಬೇಕು, ತಿಳೀತಾ?” ಎಂದು ಹೊರಟುಹೋದರು.

ಗಾಳಿ ಎಲ್ಲಿಗೆ ಹೋಗಬೇಕೆಂಬುದು ಇಷ್ಟು ಜನಕ್ಕೆ ಗೊತ್ತಿತ್ತು. ವೈರ್‌ಮನ್ ಪುಟ್ಟರಾಜುಗಂತೂ ಚೆನ್ನಾಗಿ ಗೊತ್ತಿತ್ತು. ಹಾಸನದ ಕಡೆಯಿಂದ ಬಂದು ಕುಶಾಲನಗರದ ಹತ್ತಿರ ನೆಲೆಸಿದ ಮನೆತನದವನು, ಕೈ ಚೊಕ್ಕ. ಅವನು ಫ್ಯಾನನ್ನು ತೂತಿಗೆ ಇಟ್ಟು ನೋಡಿದ. ಹಿತ್ತಾಳೆಯ ಸರಳು, ಬಿಲ್ಲೆ ಎಲ್ಲ ಓಣಿಯ ಕಡೆಗೆ ಹೋದವು. ಅಡುಗೆಮನೆಯ ಕಡೆಗೆ ಬಂದದ್ದು ಮಸಿ ಹಿಡಿದ ಕಬ್ಬಿಣದ ಗಡಿಗೆಯಂಥ ಮೋಟಾರು.

ಗಂಗಣ್ಣ ಗಾಬರಿಯಾದ. “ಏಯ್! ತಿರುಗಿಸಿಡು. ಮುಖ ಒಳಗಿರಲಿ.”

“ಇದರ ಮುಖ ಆಚೀಗೇ ಇರ್ಬೇಕು ಕಣಣ್ಣ. ಗಾಳಿ ಮುಖದ ಕಡೀಕ್ ಹೋಯ್ತದೆ.”

“ಬೀಗರು ಬಂದು ಕೂರೋದು ಒಳಗಾ, ಓಣಿಲಾ? ಬಂದವರಿಗೆ ಬೆನ್ನು ತೋರಿಸ್ತಾರಾ ಯಾರಾದ್ರೂ? ನಮ್ಮಲ್ಲಿ ದೇವರ ಪಟ ಇಟ್ರೂ ಮುಖ ಒಳಗೇ ಇಡೋದು.”

“ದೇವರಿಗೆ ರೆಕ್ಕೆ ಇಲ್ಲ ಕಣಣ್ಣ, ಇದಕ್ಕದೆ.”

“ನಂಗೆ ಕಲಿಸ್ಬೇಡ. ತಿರುಗಿಸು.”

ಪುಟ್ಟರಾಜು ಇಂಥ ಅಣ್ಣಂದಿರನ್ನು ಬಹಳ ಕಂಡಿದ್ದ. ತಿರುಗಿಸಿದ, ಸ್ಕ್ರೂ ಬಿಗಿದ, ಸ್ವಿಚ್ಚು ಒತ್ತಿದ. ಸಂಜೆಯ ಹೊತ್ತು, ಒಲೆ ಆರಿತ್ತು. ಓಣಿಯ ತಣ್ಣನೆಯ ಗಾಳಿ ಗಂಗಣ್ಣನ ಮುಖಕ್ಕೆ ಬಂದು ಬಡಿಯಿತು. ತಲೆಯ ಮೇಲಿನ ನಾಲ್ಕು ಕೂದಲು ಹಿಂದಕ್ಕೆ ಹೋದವು.

“ನೋಡು! ಎಷ್ಟು ಚೆನ್ನಾಗಿ ಗಾಳಿ ಬರ್ತದೆ! ಬರಲ್ಲ ಅಂತಿದ್ದೆ!”

ಗಂಗಣ್ಣ ಅದುವರೆಗೆ ಕಂಡಿದ್ದ ಫ್ಯಾನುಗಳೆಲ್ಲ ಮುಖಕ್ಕೆ ಗಾಳಿ ಹೊಡೆಯುತ್ತಿದ್ದವು. ಆದ್ದರಿಂದ ಇದೂ ಸರಿಯಾಗಿಯೇ ಇತ್ತು. ಪುಟ್ಟರಾಜು ತನ್ನ ಚೀಲ ಎತ್ತಿಕೊಂಡು, “ಒಲೆ ಹಚ್ಚಿದ ಮ್ಯಾಲೆ ಹೇಳ್ಕಳಿಸಿ” ಎಂದಷ್ಟೇ ಹೇಳಿ ಹೊರಟ. ಬೀಗರು ಬರುವ ಮೊದಲು ಫ್ಯಾನು ಸವೆಯಬಾರದೆಂದು ಗಂಗಣ್ಣ ಅದಕ್ಕೆ ಒಂದು ಕೆಂಪು ವಸ್ತ್ರ ಹೊದಿಸಿಟ್ಟ.

ಪರಮೇಶಪ್ಪನವರು ಬರುವ ದಿನವನ್ನು ಕಚೇರಿಯ ರಜೆ ನೋಡಿ ಗೊತ್ತುಮಾಡಿದ್ದರು. ನಾಗರಾಜುವಿಗೆ ಬಿಡುವಿದ್ದದ್ದು ಅಂದೇ. ರಜೆ ಯಾಕಿತ್ತೆಂದು ಗಂಗಣ್ಣ ಯೋಚಿಸಲಿಲ್ಲ. ಅದು ಕೈಲ್ ಮುಹೂರ್ತ, ಕೊಡವರು ಕೋವಿಗೆ ಹೂ ಮುಡಿಸಿ ಪೂಜೆ ಮಾಡುವ ಹಬ್ಬ. ಆ ದಿನ ಯಾವ ಕೊಡವರ ಮನೆಯಲ್ಲೂ ಅಕ್ಕಿತರಿಯ ಉಂಡೆ ಕಡಂಬುಟ್ಟು ಬೇಯದೆ, ಹಂದಿ ಕರಿ ಕುದಿಯದೆ ಇರುವುದಿಲ್ಲ. ಹನ್ನೆರಡು ವರ್ಷದಿಂದ ನೆರೆಯಲ್ಲಿದ್ದ ಗಂಗಣ್ಣನಿಗೆ ಇದು ಗೊತ್ತಿಲ್ಲವೆಂದಲ್ಲ. ಆದರೆ ಹನ್ನೆರಡು ವರ್ಷದಿಂದ ನಡುವೆ ಒಂದು ಗೋಡೆ ಇತ್ತು. ಅದು ಎರಡು ಅಡುಗೆಗಳಿಗೂ ನ್ಯಾಯವಾಗಿ ನಡೆದುಕೊಂಡಿತ್ತು.

ಬೆಳಿಗ್ಗೆ ಹತ್ತಕ್ಕೆ ಅಪ್ಪ, ಮಗ ಬಂದರು. ನಾಗರಾಜು ಕೊಡೆಯನ್ನು ಮೂಲೆಯಲ್ಲಿಟ್ಟು, ಎಲ್ಲಿ ನೋಡಬೇಕೆಂದು ತಿಳಿಯದೆ ಆ ಕೊಡೆಯನ್ನೇ ನೋಡುತ್ತ ಕುಳಿತ. ಪರಮೇಶಪ್ಪನವರು ಬೆತ್ತದ ಕುರ್ಚಿಯಲ್ಲಿ ಕುಳಿತು ಮೂಗಿನಿಂದ ಒಮ್ಮೆ ಮನೆಯನ್ನೆಲ್ಲ ಸುತ್ತಿ ಬಂದರು.

“ಹೊಗೆ ಇಲ್ಲ” ಎಂದರು. ಗಂಗಣ್ಣನಿಗೆ ಕಣ್ತುಂಬಿ ಬಂತು. ಉಪ್ಪಿಟ್ಟು, ಕೇಸರಿಬಾತು ಬೆಳಗಿನ ಜಾವವೇ ಮುಗಿದು ಒಲೆ ಕೆಂಡವಾಗಿತ್ತು. ಕಾಫಿಗೆ ಮಾತ್ರ ಈಗ ಸೌದೆ ಒಡ್ಡಬೇಕು.

“ಫ್ಯಾನು ಹಾಕ್ಸಿದ್ದೀನಿ” ಎಂದ ಗಂಗಣ್ಣ, ಬಹಳ ಸಾಧಾರಣ ವಿಷಯವೆಂಬಂತೆ. “ದೊರೆಗಳ ಬಂಗಲೇದು. ಈಗ ನೋಡಿ.” ಎದ್ದು ಒಳಗೆ ಹೋಗಿ ಕೆಂಪು ವಸ್ತ್ರ ತೆಗೆದು, ಪರದೆಯನ್ನು ಎತ್ತಿ ಕಟ್ಟಿ, ಸ್ವಿಚ್ಚು ಒತ್ತಿದ. ಹಿತ್ತಾಳೆಯ ಬಿಲ್ಲೆ ನಡುಮನೆಯವರೆಗೂ ಹೊಳೆಯಿತು. ಗುರುಸಿದ್ದಮ್ಮ ಹಸಿ ಸೌದೆ ಒಡ್ಡಿದಳು.

ಮೊದಲು ಬಂದದ್ದು ಹೊಗೆ. ಅದು ಎಂದಿನ ಹಾಗೆ ಹಿರಿಯರಂತೆ ಬರಲಿಲ್ಲ, ಯಾರೋ ಹಿಂದಿನಿಂದ ದಬ್ಬಿದಂತೆ ಬಂತು. ಪರಮೇಶಪ್ಪನವರು ಅಂಗವಸ್ತ್ರವನ್ನು ಮೂಗಿಗೆ ಹಿಡಿದರು.

“ಫ್ಯಾನು ಈಗಿನ್ನೂ ಶುರುವಾಗಿದೆ” ಎಂದು ಗಂಗಣ್ಣ ಒಳಗೆ ಓಡಿದ. ಫ್ಯಾನಿಗೆ ಮೂರು ಹಂತದ ಒಂದು ತಿರುಗುಗುಂಡಿ ಇತ್ತು. ಹೊಗೆ ಹೆಚ್ಚಾದರೆ ಫ್ಯಾನು ಹೆಚ್ಚಬೇಕು; ಇದು ಯಾರಿಗಾದರೂ ತಿಳಿಯುವ ಲೆಕ್ಕ. ಎರಡಕ್ಕೆ ಇಟ್ಟ.

ಈಗ ಹೊಗೆಯ ಜೊತೆ ಇನ್ನೇನೋ ಬಂತು. ಹುರಿದ ಕೊತ್ತಂಬರಿ, ಜೀರಿಗೆ, ಕಾಳುಮೆಣಸು. ಅಲ್ಲಿಯವರೆಗೆ ಪರವಾಗಿರಲಿಲ್ಲ. ಅದರ ಹಿಂದೆ, ಆ ಮಸಾಲೆಯ ಮೇಲೆ ಸವಾರಿ ಮಾಡಿಕೊಂಡು, ಗಂಗಣ್ಣನ ಏಳು ತಲೆಮಾರಿನ ಯಾವ ಅಡುಗೆಮನೆಯಲ್ಲೂ ಎಂದೂ ಕಾಲಿಡದ ಒಂದು ಕೊಬ್ಬಿದ ವಾಸನೆ ನಡುಮನೆಗೆ ಬಂದು ನಿಂತಿತು.

ಪರಮೇಶಪ್ಪನವರ ಅಂಗವಸ್ತ್ರ ಮೂಗಿನಿಂದ ಮೆಲ್ಲಗೆ ಕೆಳಗಿಳಿಯಿತು. ಮೂಗಿನ ಹೊಳ್ಳೆಗಳು ಅರಳಿದವು. “ಗಂಗಣ್ಣ, ಕಾಫಿಗೆ ಏನು ಹಾಕ್ತಾ ಇದ್ದಾರೆ?”

“ಬೆಲ್ಲ!” ಎಂದು ಕೂಗಿ ಗಂಗಣ್ಣ ಮತ್ತೆ ಒಳಗೆ ಓಡಿ ಗುಂಡಿಯನ್ನು ಮೂರಕ್ಕೆ ತಿರುಗಿಸಿದ.

ಗುರುಸಿದ್ದಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಗೋಡೆಗೆ ಒರಗಿದ್ದಳು. “ರೀ, ಅದು ಆಚೆಗೆ ತಳ್ತಾ ಇಲ್ಲ! ನಾಣಯ್ಯನೋರ ಹಬ್ಬಾನ ನಮ್ಮನೆಗೆ ತರ್ತಾ ಇದೆ!”

“ಸುಮ್ನಿರೇ! ನಿನಗಿಂತ ದೊರೆಗಳಿಗೆ ಗೊತ್ತು” ಎನ್ನುತ್ತಿರುವಾಗಲೇ ಅವನ ಪಂಚೆಯ ಅಂಚು ಎದ್ದು, ಬಾವುಟದ ಹಾಗೆ ನಡುಮನೆಯ ಕಡೆ ಹಾರತೊಡಗಿತು. ಗಂಗಣ್ಣ ಪಂಚೆಯನ್ನು ನೋಡಿದ, ಹೊಳೆಯುವ ಬಿಲ್ಲೆಯನ್ನು ನೋಡಿದ. ಪುಟ್ಟರಾಜು ಹೇಳಿದ ಮಾತು ಈಗ ತಲೆಯೊಳಗೆ ಇಳಿಯಿತು. ಗುಂಡಿಯನ್ನು ಹಿಂದಕ್ಕೆ ತಿರುಚಿದ. ದೊರೆಯ ಕಾಲದ ಗುಂಡಿ ಲೊಟಕ್ಕನೆ ಕಿತ್ತು ಕೈಗೆ ಬಂತು. ಸ್ವಿಚ್ಚು ಒತ್ತಿದ, ಅದು ಬಿಸಿಯಾಗಿ ಕಚ್ಚಿಕೊಂಡಿತ್ತು, ಅಲ್ಲಾಡಲಿಲ್ಲ. ಮೇನ್ ಸ್ವಿಚ್ಚು ಮನೆ ಮಾಲೀಕರ ಬೀಗದ ಪೆಟ್ಟಿಗೆಯಲ್ಲಿ, ಮಾಲೀಕರು ವಿರಾಜಪೇಟೆಯಲ್ಲಿ. ಗೋಣಿಚೀಲ ತಂದು ಫ್ಯಾನಿನ ಬಾಯಿಗೆ ತುರುಕಿದ. ಫ್ಯಾನು ಅದನ್ನು ಉಗಿದು ಕೇಸರಿಬಾತಿನ ಮೇಲೆ ಹಾಕಿತು.

ಅಡುಗೆಮನೆಯ ಮೂಲೆಯಲ್ಲಿ ಹಸಿರು ಸೀರೆಯುಟ್ಟು, ಕಾಫಿಯ ತಟ್ಟೆ ಹಿಡಿದು ನಿಂತಿದ್ದ ಚಿನ್ನಿಯ ಕಣ್ಣಿಂದ ನೀರು ಇಳಿಯುತ್ತಿತ್ತು. ಅದು ಹೊಗೆಯ ನೀರಲ್ಲವೆಂದು ಗಂಗಣ್ಣನಿಗೆ ತಿಳಿಯಿತು. ತನ್ನ ಮಗಳ ಬಾಳನ್ನು ತಾನೇ ಒಂದು ಹಿತ್ತಾಳೆ ಬಿಲ್ಲೆಗೆ ಮಾರಿದೆನೆಂದು ತನ್ನನ್ನೇ ಬೈದುಕೊಂಡು ಹಿತ್ತಿಲ ಬಾಗಿಲಿಂದ ಓಣಿಗೆ ಹಾರಿದ.

ನಾಣಯ್ಯನವರು ಕಿಟಕಿಯ ಹತ್ತಿರವೇ ಇದ್ದರು. “ಬನ್ನಿ ಬನ್ನಿ! ಹಬ್ಬದ ದಿನ ಓಣಿಯಲ್ಲಿ ನಿಲ್ಲೋದೆಂತಕ್ಕೆ?”

“ಸ್ವಾಮಿ, ನಿಮ್ಮ ಹಂಡೆ ಇಳಿಸ್ತೀರಾ? ಒಂದು ಅರ್ಧ ಗಂಟೆ!”

“ಹಂಡೆ ಇಳಿಸೋದಾ? ಈಗಷ್ಟೇ ಕಾಚಂಪುಳಿ ಬಿಟ್ಟಿದ್ದು ಮಾರಾಯ್ರೆ. ಈಗ ಇಳಿಸಿದ್ರೆ ನನ್ನ ಹೆಂಡತಿ ನನ್ನನ್ನೇ ಹಂಡೆಗೆ ಹಾಕ್ತಾಳೆ.” ಕಾಚಂಪುಳಿ ಎಂದರೆ ಹುಳಿಹಣ್ಣಿನ ರಸ ಕಾಯಿಸಿ ಮಾಡುವ ಕಪ್ಪು ಹುಳಿ, ಅದು ಬೀಳದೆ ಕೊಡವರ ಹಂದಿ ಕರಿ ಕರಿಯಾಗುವುದಿಲ್ಲ. ಗಂಗಣ್ಣ ಅಳುತ್ತಾ ವಿಷಯ ಹೇಳಿದ. ನಾಣಯ್ಯನವರ ಮುಖ ಗಂಭೀರವಾಯಿತು. ನೆರೆಯವನ ಮಗಳ ಮದುವೆ ಎಂದರೆ ಅವರಿಗೂ ಮಾನದ ಪ್ರಶ್ನೆಯೇ.

“ನೀವು ಹೋಗಿ ಬೀಗರ ಹತ್ತಿರ ಕೂತ್ಕೊಳ್ಳಿ. ವಾಸನೆ ವಿಷಯ ನಾನು ನೋಡ್ಕೋತೇನೆ.”

ಅವರು ನೋಡಿಕೊಂಡ ಬಗೆ ಹೀಗಿತ್ತು: ಕೋವಿಪೂಜೆಗೆ ಇಟ್ಟಿದ್ದ ಸಾಂಬ್ರಾಣಿಯನ್ನೆಲ್ಲ ಕೆಂಡದ ಮೇಲೆ ಸುರಿದು ತಂದು, ಗಂಗಣ್ಣನ ಗೋಡೆಯ ತೂತಿನ ಕೆಳಗೆ ಇಟ್ಟರು. ಫ್ಯಾನು ಅದನ್ನೂ ಬಿಡಲಿಲ್ಲ.

ಗಂಗಣ್ಣ ನಡುಮನೆಗೆ ಬಂದು ಕೂರುವಷ್ಟರಲ್ಲಿ ಸಾಂಬ್ರಾಣಿ ಅವನಿಗಿಂತ ಮೊದಲು ಬಂದು ಕೂತಿತ್ತು. ನಡುಮನೆ ಮೋಡವಾಗಿತ್ತು. ಮೋಡದೊಳಗೆ ನಾಗರಾಜು ಕೆಮ್ಮುತ್ತಿದ್ದ. ಪರಮೇಶಪ್ಪನವರು ಎದ್ದು ನಿಂತಿದ್ದರು. ಅವರ ವಿಭೂತಿ ಬೆವರಿನಲ್ಲಿ ಕರಗಿ ಹುಬ್ಬಿಗೆ ಇಳಿಯುತ್ತಿತ್ತು.

“ಗಂಗಣ್ಣ, ನಿಮ್ಮನೇಲಿ ಹಂದಿಗೆ ಮಂಗಳಾರತಿ ಎತ್ತುತಾ ಇದ್ದಾರಾ?”

“ಅಯ್ಯೋ ಶಿವನೇ! ಅದು ನಮ್ಮದಲ್ಲ, ಫ್ಯಾನಿಂದು!”

“ಫ್ಯಾನು ಹಂದಿ ಬೇಯ್ಸುತ್ತಾ?”

“ಇಲ್ಲ, ಅದು ಮುಖ ಒಳಗಿಟ್ಟು...”

“ಸಾಕು! ಲಿಂಗ ಕಟ್ಟಿದ ಮನೇಲಿ ನನಗೆ ಇಂಥಾ ಮರ್ಯಾದೆ! ಏಳೋ ನಾಗರಾಜು. ಈ ಮೂಗಿಗೆ ಮೋಸ ಮಾಡ್ತೀರಾ? ಮೂವತ್ತು ವರ್ಷದ ಮೂಗು! ನನಗೆ ತಿಳಿಯಲ್ವಾ? ಹಂದಿ ಇದು, ಕಾಡಿಂದಲ್ಲ, ಸಾಕಿದ್ದು. ಬೆಳಗಿಂದ ಸಣ್ಣ ಉರೀಲಿ ಬೆಂದಿದೆ. ಮೆಣಸು ಪೊನ್ನಂಪೇಟೆ ಕಡೇದು. ಅಷ್ಟೆಲ್ಲ ಮಾಡಿ, ಅವಸರಕ್ಕೆ ಬಿದ್ದು ಕಾಚಂಪುಳಿ ಬೇಗ ಬಿಟ್ಟಿದ್ದಾರೆ! ಕೊಬ್ಬು ಇನ್ನೊಂಚೂರು ಕರಗಿ ಅಂಚಿಗೆ ಬಂದ್ಮೇಲೆ ಬಿಟ್ಟಿದ್ರೆ ಆ ಘಮನೇ ಬೇರೆ ಇರ್ತಿತ್ತು!”

ನಾಗರಾಜು ಕೆಮ್ಮುವುದನ್ನು ಮರೆತು ಅಪ್ಪನನ್ನು ನೋಡಿದ. ಒಳಗೆ ಫ್ಯಾನು ಮಾತ್ರ ಗರಗರನೆ ತಿರುಗುತ್ತಿತ್ತು.

ಗೋಡೆಯ ಪಕ್ಕ ಚಾಪೆಯ ಮೇಲೆ, ಇದುವರೆಗೆ ತೂಕಡಿಸುತ್ತಿದ್ದಾಳೆಂದು ಎಲ್ಲರೂ ತಿಳಿದಿದ್ದ ರುದ್ರಮ್ಮ ಮೆಲ್ಲಗೆ ತಲೆಯೆತ್ತಿದಳು.

“ಪರಮೇಶಪ್ಪ, ನಾನು ಹುಟ್ಟಿದ್ದೂ ಕೊಡಗಲ್ಲಿ, ಮುದುಕಿಯಾಗಿದ್ದೂ ಕೊಡಗಲ್ಲಿ. ಈ ವಾಸನೆ ಏನು ಅಂತ ನಂಗೆ ಇವತ್ತಿಗೂ ಗೊತ್ತಿಲ್ಲ. ಅದೇನೋ ಹುಳಿ ಬೇಗ ಬಿಟ್ರು ಅಂದ್ಯಲ್ಲಪ್ಪ. ಅದು ಯಾವಾಗ ಬಿಡ್ಬೇಕು ಅಂತ ನಿಂಗೆ ಹೆಂಗೆ ಗೊತ್ತಾಯ್ತು?”

ಪರಮೇಶಪ್ಪನವರ, ಏಲಕ್ಕಿ ಮೂಸಿ ತೋಟ ಹೇಳುವ ಆ ಮೂಗು ಎಲ್ಲಿಗೆ ಹೋಗಬೇಕೆಂದು ತಿಳಿಯದೆ ಮುಖದ ನಡುವೆ ಒಂಟಿಯಾಗಿ ನಿಂತಿತು. “ವ್ಯಾಪಾರ ಅಮ್ಮಾ... ನಾಲ್ಕು ಮನೆ ಜಗಲಿ ಹತ್ತಬೇಕಾಗುತ್ತೆ... ವಾಸನೆ ತಾನಾಗೇ ಬಂದು...” ಎಂದು ತಡವರಿಸಿದರು.

“ವಾಸನೆ ಬಂತು, ಸರಿ. ಘಮ ಬೇರೆ ಇರ್ತಿತ್ತು ಅಂದ್ಯಲ್ಲ?”

ಆ ಗಳಿಗೆಗೆ ಸರಿಯಾಗಿ ಮುಂಬಾಗಿಲಲ್ಲಿ ನಾಣಯ್ಯನವರು ಕಾಣಿಸಿಕೊಂಡರು. ಹಬ್ಬದ ಕಪ್ಪು ನಿಲುವಂಗಿ ಕುಪ್ಯ, ಸೊಂಟದಲ್ಲಿ ಪೀಚೆಕತ್ತಿ. ಬೀಗರ ಕ್ಷಮೆ ಕೇಳಲೆಂದು ಒಂದು ಕೈಯಲ್ಲಿ ಬಾಳೆಗೊನೆ, ಇನ್ನೊಂದರಲ್ಲಿ ಜೇನಿನ ಬಾಟಲಿ ಹಿಡಿದು ಬಂದಿದ್ದರು. ಹೊಗೆಯೊಳಗೆ ಕಣ್ಣು ಕಿರಿದು ಮಾಡಿ ನೋಡುತ್ತಲೇ ಅವರ ಮೀಸೆ ಅರಳಿತು.

“ಓಹೋ! ಮೆಣಸಿನ ಪರಮೇಶಪ್ಪನವರಲ್ವಾ? ನನ್ನ ಹೆಂಡತಿ ತವರಿಗೆ ಬರ್ತೀರಲ್ಲ! ಹೋದ ಹುತ್ತರಿ ಹಬ್ಬದೂಟಕ್ಕೆ ನಮ್ಮ ಭಾವನ ಹಿತ್ತಲಲ್ಲಿ ನಾವೆಲ್ಲ ಒಟ್ಟಿಗೆ ಕೂತು, ನೀವು ಮೂರನೇ ಸಲ...”

“ಒಪ್ಪಿಗೆ!” ಎಂದು ಪರಮೇಶಪ್ಪನವರು ಕೂಗಿದ ಕೂಗಿಗೆ ಕಟ್ಟಿದ್ದ ಪರದೆ ಬಿಚ್ಚಿ ಬಿತ್ತು. “ಸಂಬಂಧ ಒಪ್ಪಿಗೆ! ಹುಡುಗಿ ಒಪ್ಪಿಗೆ! ಎಲ್ಲಿ ತಾಂಬೂಲ? ಬೇಗ ತನ್ನಿ!”

“ಹುಡುಗೀನ ಇನ್ನೂ ತೋರಿಸಿಲ್ವಲ್ಲಾ?” ಎಂದ ಗಂಗಣ್ಣ, ಅವನ ಬುದ್ಧಿ ಯಾವಾಗಲೂ ಒಂದು ಹೆಜ್ಜೆ ಹಿಂದೆಯೇ.

“ನಾನು ನೋಡಿದ್ದೀನಿ” ಎಂದ ನಾಗರಾಜು. ಅಂದು ಅವನು ಆಡಿದ ಮೊದಲ ಮಾತು ಅದು. ಪರದೆಯ ಹಿಂದೆ ಕಾಫಿಯ ಲೋಟಗಳು ಒಂದಕ್ಕೊಂದು ತಾಗಿ ಸಣ್ಣಗೆ ಸದ್ದು ಮಾಡಿದವು.

ನಾಣಯ್ಯನವರು ಪಟಾಲಮಿನಲ್ಲಿದ್ದವರು, ಎಲ್ಲಿ ಗುಂಡು ನಿಲ್ಲಿಸಬೇಕೆಂದು ಅವರಿಗೆ ಗೊತ್ತಿತ್ತು. “...ಮೂರನೇ ಸಲ ನೀರು ಕೇಳಿದ್ರಿ, ಅದನ್ನೇ ಹೇಳ್ತಾ ಇದ್ದೆ” ಎಂದು ಬಾಳೆಗೊನೆಯನ್ನು ರುದ್ರಮ್ಮನ ಮುಂದಿಟ್ಟರು. ರುದ್ರಮ್ಮ ಒಂದು ಹಣ್ಣು ಮುರಿದು ಪರಮೇಶಪ್ಪನವರ ಕೈಗೆ ಕೊಟ್ಟು, “ತಿನ್ನಪ್ಪ, ಬಾಯಿ ಸಿಹಿಯಾಗ್ಲಿ. ಇದಕ್ಕೆ ಹುಳಿ ಏನೂ ಬಿಟ್ಟಿಲ್ಲ” ಎಂದಳು.

ತಾಂಬೂಲ ಬದಲಾಯಿತು. ಗಂಗಣ್ಣ ಬೀಗರನ್ನು ಬಸ್ ಸ್ಟ್ಯಾಂಡಿಗೆ ಬಿಡಲು ಹೊರಟ. ನಾಳೆ ಪುಟ್ಟರಾಜುವನ್ನು ಕರೆಸಿ ಆ ದರಿದ್ರದ ಫ್ಯಾನಿನ ಮುಖವನ್ನು ಓಣಿಗೆ ತಿರುಗಿಸಿಬಿಡುತ್ತೇನೆಂದು ದಾರಿಯುದ್ದಕ್ಕೂ ಮಾತು ಕೊಟ್ಟ, ಕೈ ಮುಗಿದ, ಮತ್ತೆ ಮಾತು ಕೊಟ್ಟ. ಪರಮೇಶಪ್ಪನವರು, ಮಗ ಟಿಕೆಟ್ಟಿಗೆಂದು ಮುಂದೆ ಹೋಗುವುದನ್ನು ಕಾದು, ಗಂಗಣ್ಣನ ತೋಳು ಹಿಡಿದು ಹತ್ತಿರಕ್ಕೆ ಎಳೆದುಕೊಂಡರು.

“ಬೀಗರೇ, ಲಗ್ನದ ಮಾತಾಡಕ್ಕೆ ಇನ್ನೊಂದ್ಸಲ ಬರ್ತೀನಲ್ಲ.”

“ಬನ್ನಿ, ಬನ್ನಿ.”

“ಹುತ್ತರಿ ದಿನ ಬರ್ತೀನಿ. ಅಲ್ಲೀವರೆಗೂ ಆ ಫ್ಯಾನು ಹಂಗೇ ಇರ್ಲಿ.”